ಕಂಬಿ ಕಿತ್ತವನ ಬೆನ್ನಿಗೆ

ಗಾಜಿನ ಕಾರ್ಖಾನೆಯಲ್ಲಿ ಹನ್ನೊಂದು ವರ್ಷ ನನ್ನ ಕೆಲಸ ಇಷ್ಟೇ:
ಬೆಲ್ಟಿನ ಮೇಲೆ ಸಾಗುವ ಉಪ್ಪಿನಕಾಯಿ ಜಾಡಿಗಳಲ್ಲಿ
ಗುಳ್ಳೆ ಇದ್ದದ್ದನ್ನು ಎತ್ತಿ ಪಕ್ಕಕ್ಕೆಸೆಯುವುದು.
ಒಂದು ದಿನ ನನ್ನನ್ನೇ ಎತ್ತಿ ಪಕ್ಕಕ್ಕೆಸೆದರು.

ಟೊಲೀಡೊದಲ್ಲಿ ಜನವರಿ. ಮನೆಯ ಹೀಟರು ಕೆಟ್ಟು
ಅಮ್ಮ ಕೋಟು ತೊಟ್ಟೇ ಸೂಪು ಕಲಕುತ್ತಿದ್ದಳು.
ಹಲ್ಲಿನ ಡಾಕ್ಟರ ಕೆಳಮಹಡಿಯಲ್ಲಿ ಜಾಮೀನಿನ ಅಂಗಡಿ ಇಟ್ಟ
ನಜ್ಲಾ ಅಬೂದ್ ಮೇಜಿನಾಚೆಯಿಂದ ಫೈಲು ತಳ್ಳಿದಳು:
‘ಫೆರೆಂತ್ಸ್ ಟಾಕಾಚ್. ಎಪ್ಪತ್ತೊಂದು. ಅಕಾರ್ಡಿಯನ್ ರಿಪೇರಿ.
ಒಂದೇ ಬ್ಯೂಕ್ ಕಾರನ್ನು ನಾಲ್ಕು ಜನಕ್ಕೆ ಮಾರಿದ್ದಾನೆ.
ಕಂಬಿ ಎಣಿಸಬೇಕಾದವನು ಕಂಬಿ ಕಿತ್ತಿದ್ದಾನೆ.
ಹಿಡಿದು ತಂದರೆ ಎಂಟುನೂರು ಡಾಲರು.
ಅನುಭವ ಇದೆಯೇನೇ, ಎಟೆಲ್ಕಾ?’
‘ಇದೆ’ ಅಂದೆ. ಲೈಬ್ರರಿಯ ಹರಕು ಪತ್ತೇದಾರಿ ಕಾದಂಬರಿ, ಹದಿನೇಳು.
ಅದರಲ್ಲಿ ಎರಡಕ್ಕೆ ಕೊನೇ ಪುಟ ಇರಲಿಲ್ಲ.

ಪುಸ್ತಕದ ಹೆಂಗಸರು ಗೋಡೆ ಹಾರುತ್ತಾರೆ,
ಲಿಪ್‌ಸ್ಟಿಕ್ಕು ಅಳಿಸುವುದಿಲ್ಲ.
ನಾನು ಬೇಲಿ ಹಾರಿದೆ. ಪ್ಯಾಂಟು ಹಾರಲಿಲ್ಲ.
ಅವನೇ ಬಂದು ಮೊಳೆಯಿಂದ ಬಟ್ಟೆ ಬಿಡಿಸಿದ:
‘ಬೊದ್ನಾರ್ ಮಗಳಲ್ಲವೇ?
ನಿನ್ನ ನಾಮಕರಣಕ್ಕೆ ನುಡಿಸಿದ್ದು ನಾನೇ.’
ಕೋಳ ತಂದವಳಿಗೆ ಕೋಳಿ ಬಡಿಸಿದ,
ಕೆಂಪು ಮೆಣಸು ಉದುರಿಸಿ, ಹುಳಿಕೆನೆ ಸುರಿದು.
ಎರಡನೇ ಸಲ ಬಡಿಸಿಕೊಂಡೆ. ಅದೂ ತನಿಖೆಯ ಭಾಗ.
ಬೆರಳು ನೆಕ್ಕಿ, ಆದಷ್ಟು ಗಡಸಾಗಿ ಹೇಳಿದೆ: ‘ಕೈ ಕೊಡಿ.’

ಕೊಟ್ಟ. ಚೆನ್ನಾಗಿಯೇ ಕೊಟ್ಟ.
ನೋಡಿದರೆ ಕೋಳದ ಒಂದು ಬಾಯಿ ನನ್ನ ಮಣಿಕಟ್ಟಿಗೆ,
ಇನ್ನೊಂದು ಹೀಟರಿನ ಕೊಳವೆಗೆ.
ಹಿತ್ತಲಲ್ಲಿ ಬ್ಯೂಕು ಕೆಮ್ಮಿತು, ಹೊರಟೇ ಹೋಯಿತು.
ಚಳ್ಳೆಹಣ್ಣು ತಿನ್ನಿಸಿದ ಅನ್ನಲೇ? ತಿಂದದ್ದು ಹಣ್ಣಲ್ಲವಲ್ಲ.
ಕೀಲಿ ನನ್ನ ಕಾರಿನಲ್ಲಿ. ಕಾರು ಅರ್ಧ ಮೈಲಿ ಆಚೆ,
ಯಾರಿಗೂ ಅನುಮಾನ ಬಾರದಿರಲೆಂದು.
ಫೋನು ಕೈಗೆಟುಕುವಲ್ಲಿ ಇಟ್ಟು ಹೋಗಿದ್ದ, ಒಳ್ಳೆಯ ಮನುಷ್ಯ.
ಮೂರು ಗಂಟೆ ಕೂತೆ.
ಒಂದು ಮಾತು ಹೇಳಲೇಬೇಕು,
ಆ ಜನವರಿಯಲ್ಲಿ ನನ್ನ ಬೆನ್ನು ಬೆಚ್ಚಗಾದದ್ದು ಅದೇ ಮೊದಲು.
ಕೀಲಿ ತಂದ ಅಮ್ಮ ನನ್ನನ್ನು ಬಿಡಿಸುವ ಮುನ್ನ
ಪಾತ್ರೆಯ ಮುಚ್ಚಳ ಎತ್ತಿ ಮೂಸಿದಳು:
‘ಇವನು ಬೆಳ್ಳುಳ್ಳಿ ಹಾಕುವುದಿಲ್ಲವೇ?’

ಆಮೇಲೆ ಹತ್ತು ದಿನ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದೆ.
ಹಿಡಿದದ್ದು ಒಬ್ಬ ಅಂಚೆಯವನನ್ನು.
ಕ್ಷಮೆ ಕೇಳಿದೆ. ಅವನು ಕರೆಂಟು ಬಿಲ್ಲು ಕೊಟ್ಟು ಹೋದ.

ಹನ್ನೊಂದನೇ ದಿನ ಕ್ಲಾರಿನೆಟ್ಟಿನ ಮುದುಕ ತೀರಿಕೊಂಡ.
ಚರ್ಚಿನ ತುಂಬ ಕರಿಕೋಟು, ಎಲ್ಲ ಒಂದೇ ಅಚ್ಚಿನವು.
ಶವಪೆಟ್ಟಿಗೆಯತ್ತ ಸಾಲು ನಿಧಾನ ಸಾಗಿತು,
ನನ್ನ ಕಣ್ಣು ತಾನಾಗಿ ಹಳೇ ಕೆಲಸಕ್ಕೆ ಕೂತಿತು.
ಅಲ್ಲಿ. ಏಳನೆಯವನ ಮೀಸೆಯಡಿ
ಅಕ್ಕಿಕಾಳಿನಷ್ಟು ಗುಳ್ಳೆ.
ಅತ್ತೂ ಅತ್ತೂ ಅಂಟು ಬಿಟ್ಟುಕೊಂಡಿತ್ತು.
ಮೀಸೆ ಖೋಟಾ. ಅಳು ಖೋಟಾ ಅಲ್ಲ.

ಪ್ರಾರ್ಥನೆ ಮುಗಿಯಲೆಂದು ಕಾದೆ,
ಇದು ಹದಿನೇಳರಲ್ಲಿ ಯಾವುದರಲ್ಲೂ ಇರಲಿಲ್ಲ.
ಆಮೆನ್ ಅಂದರು, ಕೋಳ ಕ್ಲಿಕ್ ಅಂದಿತು.
‘ಈ ಸಲ ಕೀಲಿ ಜೇಬಿನಲ್ಲಿದೆಯೇ?’ ಅಂತ ಅವನೇ ಕೇಳಿದ.

ಹೊರಗೆ ನನ್ನ ಕಾರು ಚಳಿಗೆ ಸತ್ತು ಬಿದ್ದಿತ್ತು.
‘ಬ್ಯೂಕು ಇದೆಯಲ್ಲ’ ಅಂದ, ಮೂಗೊರೆಸಿಕೊಳ್ಳುತ್ತ.
ಕೋರ್ಟಿನವರೆಗೆ ಇಂಜಿನ್ನು ಗುನುಗಿತು,
ಕಾಲಬುಡದಲ್ಲಿ ಬಿಸಿಗಾಳಿ, ನಡುಬೇಸಿಗೆ.
‘ಒಳಗೆ ಹೋದಮೇಲೆ ನನಗೇಕೆ ಇದು?
ನಿನಗಾದರೆ ಮುನ್ನೂರು.’

ನಜ್ಲಾ ಎಂಟುನೂರು ಎಣಿಸಿದಳು. ಮುನ್ನೂರು ಅವನಿಗೆ ಹೋಯಿತು.
ಉಳಿದದ್ದರಲ್ಲಿ ಅಮ್ಮ ಹೀಟರಿನವನನ್ನು ಕರೆಸಿದಳು.
ಮರುಬೆಳಗು ಏಳಕ್ಕೇ ಬಾಗಿಲು ಬಡಿದ ಸದ್ದು,
ಬಂದನಲ್ಲ ಅಂತ ಓಡಿದೆ.
ಮೆಟ್ಟಿಲ ಮೇಲೆ ನಾಲ್ಕು ಗಂಡಸರು,
ನಾಲ್ವರ ಕೈಯಲ್ಲೂ ಒಂದೊಂದು ರಸೀದಿ,
ನಾಲ್ವರ ಕಣ್ಣೂ ನನ್ನ ಬ್ಯೂಕಿನ ಮೇಲೆ.

‘ಬನ್ನಿ ಒಳಗೆ’ ಅಂದೆ, ‘ಚಳಿ. ಕೂತು ಊಟ ಮಾಡಿ.
ಅಮ್ಮಾ, ಕೋಳಿ ಬಡಿಸು.’
ಕಾರಿನ ಕೀಲಿ ಜೇಬಿನಲ್ಲೇ ಇತ್ತು,
ಹಿತ್ತಲ ಬಾಗಿಲಿಗೆ ಚಿಲಕ ಹಾಕಿರಲಿಲ್ಲ.