ಟಿಕೀಟಿನ ಬೆನ್ನಿಗೆ

ಮೌಲಾಲಿ, ನಿನ್ನ ಮೊಬೈಲಿನಾಗಿನ ನಕಾಶಿ ಒಳಗಿಡು.
ಹುಬ್ಬಳ್ಳಿ ಧಾರವಾಡದ ನಡುವ ಹತ್ತೊಂಬತ್ತು ವರ್ಷ
ನಿಂತಕೊಂಡ ತಿರಗ್ಯಾಡೀನಿ ನಾನು.
ಈಗ ಚಿಗರಿ ಓಡತಾವ, ಕಂಡಕ್ಟರ್ ಬ್ಯಾಡ,
ಬಾಗಲಾ ತಾವ ತೆರಕೋತಾವ.
ಯಾರು ಎಲ್ಲಿ ಇಳದ್ರು ಅನ್ನೂದು
ಬಾಗಲಕ್ಕ ನೆನಪಿರೂದಿಲ್ಲ.

ಗೋಕುಲ ರೋಡಿಗೆ ತಗೋರಿ ಅಕ್ಕಾರ, ಅಂತಿ,
ವಿಮಾನ ಇಳಿತಾವ, ರೇಟು ಏರತಾವ.
ಏರಲಿ. ವಿಮಾನದಾಗ ಬಂದಾಂವ
ನನ್ನ ಎರಡು ಖೋಲಿ ಹುಡಿಕ್ಕೊಂಡ ಬರತಾನೇನು?

ಸಪ್ತಾಪುರ ಅಂದಿ.
ಪರೀಕ್ಷಾಕ್ಕ ಓದೂ ಹುಡುಗರು, ಗ್ವಾಡಿ ತುಂಬ ಟೈಮ್‌ಟೇಬಲ್,
ಖೋಲಿಗೆ ನಾಕು ಕಾಟು, ಕಾಟಿಗಿಷ್ಟಂತ ಬಾಡಿಗಿ.
ಲೆಕ್ಕ ಛಲೋ ಕೂಡತೈತಿ, ಸುಳ್ಳಲ್ಲ.
ಆದ್ರ ಜೋತಾಡಕೊಂತ ನಿಂತವರ ಹತ್ರಾನೂ
ಪೂರಾ ರೊಕ್ಕ ಇಸಗೊಂಡ ಕೈ ಇದು.
ಮನ್ಯಾಗೂ ಅದ ಮಾಡಲೇನು?

ನವನಗರದ ಮನಿ ಚಂದಿತ್ತು. ಮಾಲಕ ಚಾ ಕೊಟ್ಟ.
ನೀರು ಐದು ದಿನಕ್ಕೊಮ್ಮೆ ಅಂದ.
ಒಳಗಿಂದ ಅವನ ಹೇಣ್ತಿ ಕೆಮ್ಮಿದಳು.
ಆ ಕೆಮ್ಮಿನಾಗ ಹನ್ನೊಂದು ದಿನ ಇದ್ದವು.

ಖರೇ ಹೇಳಲೇನು, ಮನಿ ನೋಡಿ ಅಲ್ಲ,
ಕಾಲು ನೋಡಿ ಆರಸೀನಿ.
ಸತ್ತೂರ ಸ್ಟಾಪಿನಾಗ ಮುಂಜಾನಿ ಬಸ್ಸು,
ರಾತ್ರಿಪಾಳಿ ಮುಗಿಸಿದ ದವಾಖಾನಿ ಹುಡಿಗ್ಯಾರು,
ಬಿಳೇ ಚಪ್ಪಲಿ, ಬಾತ ಹಿಮ್ಮಡ,
ಕುಂತ ಕೂಡಲೆ ನಿದ್ದಿ.
ಟಿಕೀಟು ಕೈಯಾಗಿಡಾಕ ಎಬ್ಬಿಸಿದ್ರ
ನಿದ್ದಿಗಣ್ಣಾಗ ‘ಸ್ಸಾರಿ’ ಅಂತಿದ್ರು.
ಅದ್ಯಾಕ ಸ್ಸಾರಿ ಅಂತ ಇವತ್ತಿಗೂ ತಿಳದಿಲ್ಲ.

ಕಿರಾಣಿ ಅಂಗಡಿ ಹಿಂದ, ಪಡುವಣ ಬಾಗಲಾ,
ಸೊಟ್ಟ ಪಾವಟಿಗಿ, ಅಡಿಗಿಮನ್ಯಾಗ ಒಂದು ಒದ್ದಿ ಗೆರಿ.
ನೀ ಮಾರಿ ಕಿವಚಿದಿ.
ನಾ ಸ್ಟಾಪಿನಿಂದ ಹೆಜ್ಜಿ ಎಣಸೀದೆ: ನೂರಾ ನಲವತ್ತು.
ಲೈಟಿನ ಕಂಬ ಎರಡು, ಒಂದು ಹತ್ತತೈತಿ.
ಸೊಸೈಟಿ ಸಾಲ, ಎರಡು ಬಳಿ, ಬಾಕಿ ಕಂತು.
ಸೀಟಿ ಊದಿದೆ ಮನಸಿನಾಗ.

ಮೊದಲ ಬಂದಾಕಿ ಬ್ಯಾಡಗಿ ಕಡೆ ಹುಡುಗಿ,
ಕಸ್ತೂರಿ ಹಾದಿಮನಿ.
ನಳಾ ತಿರುವಿದಳು, ಚಿಲಕಾ ಹಾಕಿ ತಗದಳು,
ಡಿಪಾಜಿಟ್ ಕೇಳಿ ಸುಮ್ಮನ ನಿಂತಳು.
ಆಮ್ಯಾಲ ಮೆಲ್ಲಕ: ಬಿಡೂ ಮುಂದ ತಿರಿಗಿ ಕೊಡತೀರಿ ಹೌದಿಲ್ರಿ?

ಈಗ ಹೆಣ್ಮಕ್ಕಳದು ಸೊನ್ನಿ ಟಿಕೀಟು.
ಆಗ ಚಿಲ್ಲರ ಇರತಿದ್ದಿಲ್ಲ, ಬೆನ್ನಿಗೆ ಬರಕೊಡತಿದ್ದೆ:
ಬಾಕಿ ಏಳು, ಬಾಕಿ ಹದಿಮೂರು.
ಮರತು ಇಳದವರು ಎಷ್ಟೋ ಮಂದಿ.
ಕೂಗಿ ಕರದು ಕೊಟ್ಟೀನಿ.
ಕೂಗದ ಇದ್ದ ದಿನಾನೂ ಅದಾವ.

ಪೆನ್ ತಗದೆ.
ಕರಾರು ಪತ್ರ ಹೊಳ್ಳಿಸಿ, ಬೆನ್ನಿಗೆ
ದೊಡ್ಡ ಅಕ್ಷರದಾಗ ಬರದೆ
ಬಾಕಿ.