ಫ್ಯಾಕ್ಟರಿ ಸ್ಟಾಪ್

ಕೂಳೂರು ಸೇತುವೆಯ ಮೇಲೆ ಬಸ್ಸು ನಿಂತು ಇಪ್ಪತ್ತು ನಿಮಿಷ.
ಕೆಳಗೆ ಹೊಳೆಗೆ ಅವಸರವಿಲ್ಲ,
ಉಬ್ಬರ, ಇಳಿತ, ಎರಡೇ ಪಾಳಿ ಅದಕ್ಕೆ.
ಉಡುಪಿಯಿಂದ ಹಾರಿ ಬಂದ ಎಕ್ಸ್‌ಪ್ರೆಸ್ಸು
ಮನೆ ಕಾಣುವಾಗ ಮಂಡಿಯೂರುತ್ತದೆ, ದಿನಾ.

"ಫ್ಯಾಕ್ಟರಿ ಉಂಟು" ಎಂದೆ.
ಹೊಸ ಕಂಡಕ್ಟರ್, ಮೀಸೆ ಈಗಷ್ಟೇ ಮೂಡಿದವನು:
"ಯಾವ ಫ್ಯಾಕ್ಟರಿ ಅಕ್ಕಾ? ಎಲ್ಲಿ ಬರ್ತದೆ?"
ಹಿಂದಿನ ಸೀಟಿನಿಂದ ಯಾರೋ, ಇಯರ್‌ಫೋನ್ ಕೀಳದೆ,
"ರಿವರ್ ಕ್ರೆಸ್ಟ್ ಮಾರಾಯಾ, ರಿವರ್ ಕ್ರೆಸ್ಟ್."

ಈಗ ಈಜುಕೊಳ ಇರುವಲ್ಲಿ ಆವೆಮಣ್ಣಿನ ಗುಡ್ಡೆ ಇತ್ತು.
ಬೆಳಿಗ್ಗೆ ಏಳಕ್ಕೆ ಕೂಗು;
ಗಡಿಯಾರವಿಲ್ಲದ ಮನೆಗಳಲ್ಲಿ
ಆ ಕೂಗಿಗೇ ಗಂಜಿ ಬೇಯುತ್ತಿತ್ತು.
ಹೇಳುತ್ತಾ ಹೋದರೆ ಚಂದವೇ.
ಅಮ್ಮನ ಹತ್ತಿರ ಹೇಳಬಾರದು, ಅಷ್ಟೆ.

"ಚಂದವಾ? ಹಸಿ ಓಡು ಹೊತ್ತು ನೋಡಿದ್ದೀಯಾ,
ತಲೆಯ ಮೇಲೆ ಆರು, ಹೊಟ್ಟೆಯಲ್ಲಿ ನೀನು.
ಆ ಚಿಮಿಣಿ ಬಿದ್ದ ದಿನ ಪಾಯಸ ಮಾಡಿದ್ದೆ ನಾನು."
ಹೌದು, ಮಾಡಿದ್ದಳು. ಹೆಸರುಬೇಳೆಯದ್ದು.
ನಾನು ಎರಡು ಲೋಟ ಕುಡಿದಿದ್ದೆ.

ನನ್ನ ಕೆಲಸ ದಸ್ತಾವೇಜು ಟೈಪು ಮಾಡುವುದು.
ಮುಡಿ ಗದ್ದೆ ನನ್ನ ಬೆರಳಡಿಯಲ್ಲಿ ಸೆಂಟ್ಸಾಗುತ್ತದೆ.
ಮೂಡು, ತೆಂಕು, ಪಡು...
ಬಡಗು ದಿಕ್ಕಿಗೆ ಕಾಟುಮಾವಿನ ಮರ, ಎಂದಿರುತ್ತದೆ.
ಮರ ಇಲ್ಲವೆಂದು ಗೊತ್ತು. ಟೈಪು ಮಾಡುತ್ತೇನೆ.
ಪುಟಕ್ಕಿಷ್ಟೆಂದು ಸಿಕ್ಕ ಹಣ ಕೂಡಿಟ್ಟು
ಇಲ್ಲಿ ಮೂರನೇ ಮಹಡಿ, ಒಂದು ಬೆಡ್‌ರೂಮು.
ಅಮ್ಮ ಮಧ್ಯಾಹ್ನ ಲಿಫ್ಟಿನಲ್ಲಿ
ಸುಮ್ಮನೆ ಒಮ್ಮೆ ಮೇಲೆ ಹೋಗಿ ಬರುತ್ತಾಳಂತೆ,
ಬರಿಗೈಯಲ್ಲಿ.

ಹಿಂದಿನ ಹಿತ್ತಿಲಲ್ಲಿ ಸೆವ್ರಿನ್ ಬಾಯಿ,
ಅಮ್ಮನ ಜೊತೆ ಓಡು ಹೊತ್ತವರು,
ಒಣಮೀನು ಹರಡಿ ಕಾಯುತ್ತಾರೆ
ಹನ್ನೊಂದರವರೆಗೆ, ನಮ್ಮ ಕಟ್ಟಡದ ನೆರಳು ಸರಿಯಲೆಂದು.
ಭಾನುವಾರ ಬಾಲ್ಕನಿಯಿಂದ ಕೈ ಬೀಸುತ್ತೇನೆ.
ಅವರೂ ಬೀಸುತ್ತಾರೆ,
ನನಗೋ, ಕಾಗೆಗೋ.

ಬಸ್ಸು ಅಲುಗಿತು.
ಸೇತುವೆ ದಾಟಿದ್ದೇ ಗಾಳಿ ಬಂತು,
ಮೀನಿನದ್ದು, ಡಾಮರಿನದ್ದು,
ಯಾವುದು ಎಷ್ಟು ಎಂದು ಹೇಳಲಾರೆ.
"ರಿವರ್ ಕ್ರೆಸ್ಟ್ ಇಳೀಲಿಕ್ಕೆ ಯಾರುಂಟು?"
ಒಂದು ಗಳಿಗೆ ಏಳಲಿಲ್ಲ.
ಮತ್ತೆ ಎದ್ದೆ. ಬುತ್ತಿಚೀಲ, ಕೊಡೆ.
"ಹೋಲ್ಡಾನ್!"

ಕಾಲು ನೆಲಕ್ಕೆ ಇಡುವಾಗ
ಫುಟ್‌ಬೋರ್ಡಿನಿಂದ ಬಗ್ಗಿ ಕೇಳಿದ ಹುಡುಗ,
"ಹೌದಾ ಅಕ್ಕಾ, ಎಂತ ಮಾಡ್ತಿದ್ರು ಆ ಫ್ಯಾಕ್ಟರಿಯಲ್ಲಿ?"
ಊರಿಗೆಲ್ಲ ಮಾಡು, ಎನ್ನುವಷ್ಟರಲ್ಲಿ
ರೈಟ್ ಪೋಯಿ.