ಹಸಿರು ದೀಪದ ಕೋಣೆ

ಮಿನಾಸ್‌ನಲ್ಲಿ ಜೂನ್ ಎಂದರೆ ಚಳಿ.
ಕೋಣೆಯೊಳಗೆ ಮಾತ್ರ ಮೂವತ್ತು ಡಿಗ್ರಿ, ಕತ್ತಲೆ.
ನೋಡಲೇಬೇಕಾದಾಗ ಒಂದು ಹಸಿರು ದೀಪ,
ಅಷ್ಟೇ. ಬೆಳಕು ಹೆಚ್ಚಾದರೆ ಕಾಫಿ ಬೀಜ
ಮಗ್ಗಿ ಒಪ್ಪಿಸು ಎಂದ ಕೂಡಲೇ
ಬಾಯಿ ಕಟ್ಟಿ ನಿಲ್ಲುವ ಹುಡುಗ.

ಒಂದನ್ನು ಬ್ಲೇಡಿನಿಂದ ಸೀಳಿದೆ.
ಕೊಂಬಿನಂತೆ ಗಟ್ಟಿಯಾದ ಗೋಡೆ,
ಅದರ ಮೂಲೆಯಲ್ಲಿ ಅಕ್ಕಿನುಚ್ಚಿನಷ್ಟು ಭ್ರೂಣ.
ಇಷ್ಟು ದೊಡ್ಡ ಉಗ್ರಾಣಕ್ಕೆ
ಇಷ್ಟು ಚಿಕ್ಕ ಯಜಮಾನ!

ನೀರು ಕುಡಿದ ಬೀಜದೊಳಗೆ ಎರಡು ದನಿ.
ಜಿಬ್ಬರೆಲಿನ್ ಅನ್ನುತ್ತದೆ, ಏಳು.
ಅಬ್ಸಿಸಿಕ್ ಆಮ್ಲ ಅನ್ನುತ್ತದೆ, ತಡಿ.
ನನಗೆ ಬಗೆಹರಿಯದ್ದು ಇದು:
ನೀರು ಸಿಕ್ಕಿದ ಮೇಲೇ 'ತಡಿ' ಜೋರಾಗುತ್ತದೆ,
ಅದನ್ನೂ ಭ್ರೂಣ
ತನಗೆ ತಾನೇ ಹೇಳಿಕೊಳ್ಳುತ್ತದೆ.

ನನಗೆ ತಡೆಯಲಾಗಲಿಲ್ಲ.
ಪ್ರೊಫೆಸರ್ ಜಂದೀರಾ ಶುಕ್ರವಾರಕ್ಕೆ ವರದಿ ಕೇಳಿದ್ದರು.
ಮೊದಲ ತಟ್ಟೆಗೆ ಬರೀ ನೀರು,
ಎರಡನೆಯದಕ್ಕೆ ಜಿಬ್ಬರೆಲಿನ್ ಒಂದಿಷ್ಟು,
ಮೂರನೆಯದಕ್ಕೆ
ಅದರ ನೂರರಷ್ಟು.

ಹತ್ತನೆಯ ದಿನ
ಬರೀ ನೀರು ಕುಡಿದವುಗಳಲ್ಲಿ
ಇಪ್ಪತ್ತೈದಕ್ಕೆ ಹದಿಮೂರು ಬಿಳಿ ಮೂತಿ ಚಾಚಿದ್ದವು.
ಮೂರನೆಯ ತಟ್ಟೆಯಲ್ಲಿ ಬಾಗಿಲೇನೋ ಮೆತ್ತಗಾಗಿತ್ತು,
ಚಿಮಟ ತಾಗಿದರೆ ಕುಸಿಯುವಷ್ಟು.
ಒಳಗೆ ಭ್ರೂಣ ಕಂದು.
ಒಂದೂ ಹೊರಗೆ ಬಂದಿರಲಿಲ್ಲ.

ತಟ್ಟೆ ಹಿಡಿದು ನರ್ಸರಿಗೆ ನಡೆದೆ, ಯಾಕೋ.
ಬೆಲಾರ್ಮಿನೊ ಮೂಸಿ ನೋಡಿದ.
"ಹುಳಿ ಬಂದಿದೆ" ಎಂದ, ಹಿಟ್ಟಿನ ಬಗ್ಗೆ ಹೇಳುವ ಹಾಗೆ.
ಆಮೇಲೆ ಗೋಣಿತಾಟಿನ ಒಂದು ತುದಿ ಎತ್ತಿದ.
ಈಸ್ಟರ್ ವಾರ ಮರಳಿಗೆ ಬಿತ್ತಿದ್ದು,
ಸಾಲು ಸಾಲು ನೆಟ್ಟಗೆ ನಿಂತಿವೆ,
ತಲೆಯ ಮೇಲೆ ಇನ್ನೂ ಬೀಜವನ್ನೇ ಹೊತ್ತು.
ಇಲ್ಲಿಯವರು ಇದಕ್ಕೆ ಬೆಂಕಿಕಡ್ಡಿ ಅನ್ನುತ್ತಾರೆ.
ಎಲೆ ಬಿಚ್ಚಿದ ಮೇಲೆ, ಜಾಗ್ವಾರ್ ಕಿವಿ.

ಒಂದರ ನೆತ್ತಿಯ ಸಿಪ್ಪೆ ಅರ್ಧ ಬಿರಿದಿತ್ತು.
ಉಗುರು ಹಾಕಿ ತೆಗೆಯಲು ಬಗ್ಗಿದೆ.
ಬೆಲಾರ್ಮಿನೊ ನನ್ನ ಮಣಿಕಟ್ಟು ಹಿಡಿದುಕೊಂಡ,
ಮಣ್ಣಾದ ಬೆರಳು, ಬಿಗಿಯೇನೂ ಇಲ್ಲ,
ಏನೋ ನೆನಪಾದವನಂತೆ ಬಿಟ್ಟು
ಗೋಣಿ ಮತ್ತೆ ಹೊದಿಸಿದ.

ರಾತ್ರಿ ವರದಿ ತುಂಬಿದೆ.
ಮೂರನೆಯ ತಟ್ಟೆ: ಸತ್ತವು, ಇಪ್ಪತ್ತೈದಕ್ಕೆ ಇಪ್ಪತ್ತೈದು.
ಕಾರಣದ ಅಂಕಣದಲ್ಲಿ ಹಾರ್ಮೋನಿನ ಹೆಸರು,
ಅದರ ಪ್ರಮಾಣ.
ಶುಕ್ರವಾರ ಎಂದು
ಬರೆಯಲಿಲ್ಲ.